ಉಳಿದ ಮಾತ್ರೆ, ಹಳೇ ಸಿರಪ್ ಮೋರಿಗೆ ಸೇರದಂತೆ ನೋಡಿಕೊಳ್ಳುವುದು ಹೇಗೆ? ಬೆಂಗಳೂರಿನ ಮನೆಗಳಿಗೊಂದು ಮಾರ್ಗದರ್ಶಿ

ಬೆಂಗಳೂರಿನ ಬಹುತೇಕ ಮನೆಗಳಲ್ಲಿ ಫ್ರಿಜ್ ಮೇಲೋ ಬೀರುವಿನ ಒಳಗೋ ಒಂದು ಔಷಧಿ ಡಬ್ಬಿ ಇರುತ್ತದೆ. ಹಳೇ ಬಿಸ್ಕೆಟ್ ಡಬ್ಬಿ, ಇಲ್ಲಾ ಮದುವೆಯಲ್ಲಿ ಕೊಟ್ಟ ಸ್ವೀಟ್ ಬಾಕ್ಸ್. ಒಳಗೆ ನೋಡಿದರೆ ಅರ್ಧ ಕತ್ತರಿಸಿದ ಡೋಲೋ ಸ್ಟ್ರಿಪ್, ಯಾವಾಗಲೋ ಹಲ್ಲುನೋವಿಗೆ ತಂದ ಆಂಟಿಬಯಾಟಿಕ್ ಎರಡು, ಮುಚ್ಚಳ ಅಂಟಿಕೊಂಡ ಕೆಮ್ಮಿನ ಸಿರಪ್, ಯಾರಿಗೆ ಯಾಕೆ ಬರೆದುಕೊಟ್ಟಿದ್ದರು ಅಂತ ಯಾರಿಗೂ ನೆನಪಿಲ್ಲದ ಹಳದಿ ಮಾತ್ರೆ. ಡಬ್ಬಿ ತುಂಬಿ ಮುಚ್ಚಳ ಹಾಕಲು ಆಗದಿದ್ದಾಗ ಒಂದು ಭಾನುವಾರ ಕ್ಲೀನ್ ಮಾಡುತ್ತೇವೆ. ಸಿರಪ್ ಸಿಂಕಿಗೆ ಸುರಿಯುತ್ತೇವೆ. ಮಾತ್ರೆ ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡುತ್ತೇವೆ, ಮಕ್ಕಳ ಕೈಗೆ ಸಿಗಬಾರದು ಅಲ್ವಾ ಅಂತ.

ನಾವು ಬಿಸಾಡಿದ ಮಾತ್ರೆಯಿಂದಲೇ ಕೆರೆಗಳೆಲ್ಲ ಕೆಟ್ಟವು ಅಂದರೆ ಸುಳ್ಳಾಗುತ್ತದೆ. ನೀರಿಗೆ ಸೇರುವ ಔಷಧದ ದೊಡ್ಡ ಪಾಲು ನಮ್ಮ ಮೈಯಿಂದಲೇ ಹೋಗುತ್ತದೆ. ಶುಗರ್ ಇರುವವರು ತೆಗೆದುಕೊಳ್ಳುವ ಮೆಟ್‌ಫಾರ್ಮಿನ್ ಇದೆಯಲ್ಲ, ಅದು ರಕ್ತಕ್ಕೆ ಸೇರಿ, ತನ್ನ ಕೆಲಸ ಮುಗಿಸಿ, ಒಂದಿಷ್ಟೂ ರೂಪ ಬದಲಿಸದೆ ಮೂತ್ರದಲ್ಲಿ ಹೊರಗೆ ಬರುತ್ತದೆ. ಅದನ್ನು ತಡೆಯಲು ಆಗುವುದಿಲ್ಲ. ಹಾಗಂತ ಯಾರೂ ಶುಗರ್ ಮಾತ್ರೆ ಬಿಡಬೇಕಿಲ್ಲ, ಬಿಡಲೂಬಾರದು. ಆದರೆ ಯಾರ ಕಾಯಿಲೆಯನ್ನೂ ವಾಸಿ ಮಾಡದೆ ನೇರವಾಗಿ ಮೋರಿಗೆ ಹೋಗುವ ಪಾಲು ಒಂದಿದೆ. ಅದು ಪೂರ್ತಿ ನಮ್ಮ ಕೈಯಲ್ಲಿದೆ. ಮುಂದೆ ಬರೆದಿರುವುದೆಲ್ಲ ಮುಖ್ಯವಾಗಿ ಆ ಪಾಲಿನ ಬಗ್ಗೆ.

ಮೊದಲು, ನಿಮ್ಮ ಮನೆಯ ಮೋರಿ ಎಲ್ಲಿಗೆ ಹೋಗುತ್ತದೆ ತಿಳಿದುಕೊಳ್ಳಿ

ಬೆಂಗಳೂರು ದಿಬ್ಬದ ಮೇಲಿರುವ ಊರು. ಬಿದ್ದ ಮಳೆ, ಬಳಸಿ ಬಿಟ್ಟ ನೀರು ಎಲ್ಲ ಮೂರು ಕಣಿವೆಗಳ ಕಡೆ ಇಳಿಯುತ್ತದೆ. ನೀವು ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯವರಾದರೆ ನಿಮ್ಮ ನೀರು ವೃಷಭಾವತಿಗೆ. ಅಲ್ಲಿಂದ ಬಿಡದಿ ಹತ್ತಿರದ ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ. ಕೋರಮಂಗಲ, ಇಂದಿರಾನಗರ, ಎಚ್‌ಎಸ್‌ಆರ್ ಕಡೆಯವರ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಮುಂದೆ ದಕ್ಷಿಣ ಪಿನಾಕಿನಿಗೆ. ಹೆಬ್ಬಾಳ ಕಣಿವೆಯ ನೀರೂ ಕೊನೆಗೆ ದಕ್ಷಿಣ ಪಿನಾಕಿನಿಗೇ ಸೇರುತ್ತದೆ. ಆ ನದಿ ಹೊಸೂರು ಕಡೆಯಿಂದ ತಮಿಳುನಾಡಿಗೆ ಇಳಿದು ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ಸಮುದ್ರ ನಮಗೆ ದೂರ ಅಂದುಕೊಳ್ಳುತ್ತೇವೆ. ಮೋರಿಗೆ ಅದು ದೂರ ಅಲ್ಲ.

ಇನ್ನೊಂದು ದಾರಿಯೂ ಇದೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರನ್ನು ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಹೆಬ್ಬಾಳ-ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕಡೆಗೆ. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದಿದೆ ಅಂತ ಅಲ್ಲಿನ ರೈತರು ಹೇಳುವುದು ಸುಳ್ಳಲ್ಲ. ಆದರೆ ನಾವು ಇಲ್ಲಿ ಸಿಂಕಿಗೆ ಏನು ಸುರಿದರೂ ಅದರ ಒಂದು ಅಂಶ ಅವರ ಅಂತರ್ಜಲದ ಕಡೆ ಹೊರಟಿದೆ ಅನ್ನುವುದೂ ಅಷ್ಟೇ ನಿಜ.

"ಮಧ್ಯದಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ ಇದೆಯಲ್ಲ?" ಅಂತ ನೀವು ಕೇಳಬಹುದು. ಇದೆ. ಆದರೆ ಎಸ್‌ಟಿಪಿ ಕಟ್ಟಿರುವುದು ಮಲ, ಎಣ್ಣೆ, ಸೋಪಿನ ಕೊಳೆ ತೆಗೆಯಲು. ಅಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಕೆಲಸ ಮಾಡುತ್ತವೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತರಹದವು ಅವಕ್ಕೆ ಸುಲಭ, ಹೆಚ್ಚಿನ ಪಾಲು ಅಲ್ಲೇ ಮುಗಿದುಹೋಗುತ್ತದೆ. ನೋವಿಗೆ ಕೊಡುವ ಡೈಕ್ಲೋಫೆನಾಕ್ ಅರ್ಧಂಬರ್ಧ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಅಂತೂ ಬಂದ ಹಾಗೇ ಆಚೆ ಹೋಗುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ಕೆಸರಿಗೆ ಅಂಟಿಕೊಳ್ಳುತ್ತದೆ, ಆ ಕೆಸರು ಗೊಬ್ಬರವಾಗಿ ಹೊಲಕ್ಕೆ ಹೋದರೆ ಅದರ ಜೊತೆಗೇ ಹೋಗುತ್ತದೆ. ಇನ್ನು ಯುಜಿಡಿ (ಒಳಚರಂಡಿ) ಇಲ್ಲದ ಬಡಾವಣೆಗಳಲ್ಲಿ, ರಾಜಕಾಲುವೆಗೆ ನೇರ ಪೈಪ್ ಬಿಟ್ಟಿರುವ ಕಟ್ಟಡಗಳಲ್ಲಿ ಎಸ್‌ಟಿಪಿಯ ಮಾತೇ ಇಲ್ಲ.

ಹಾಗಾದರೆ ನಲ್ಲಿ ನೀರು? ಕಾವೇರಿ ನೀರನ್ನು ತೊರೆಕಾಡನಹಳ್ಳಿ ಕಡೆಯಿಂದ ತರುವುದು. ಅರ್ಕಾವತಿ ಕಾವೇರಿಗೆ ಸೇರುವುದು ಅದಕ್ಕಿಂತ ಕೆಳಗೆ. ಅಂದರೆ ನಮ್ಮ ಮೋರಿ ನೀರು ನಮ್ಮ ನಲ್ಲಿಗೆ ವಾಪಸ್ ಬರುವುದಿಲ್ಲ. ಕುಡಿಯುವ ನೀರಿನಲ್ಲಿ ಸಿಗುವ ಔಷಧದ ಅಂಶ ಎಷ್ಟು ಕಡಿಮೆ ಅಂದರೆ, ಅದರಿಂದ ಮನುಷ್ಯರ ಆರೋಗ್ಯಕ್ಕೆ ಹೇಳಿಕೊಳ್ಳುವಂಥ ಅಪಾಯ ಇರುವ ಸಾಧ್ಯತೆ ತೀರಾ ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2012ರ ವರದಿಯಲ್ಲಿ ಹೇಳಿದೆ. ಹೆದರಿ ಹೊಸ ಫಿಲ್ಟರ್ ಕೊಳ್ಳಲು ಓಡಬೇಡಿ. ಇಲ್ಲಿ ತೊಂದರೆ ಮೊದಲು ತಟ್ಟುವುದು ನೀರಲ್ಲೇ ಬದುಕುವ ಜೀವಿಗಳಿಗೆ.

ಇದು ಉತ್ಪ್ರೇಕ್ಷೆ ಅನ್ನಿಸಿದರೆ ಇಷ್ಟು ಓದಿ

ಮನೆಯಲ್ಲಿ ಯಾರಾದರೂ "ಎರಡು ಮಾತ್ರೆಯಿಂದ ಏನಾಗುತ್ತೆ ಸುಮ್ನಿರಿ" ಅಂದರೆ ಹೇಳಲು ಬೇಕಾಗುತ್ತದೆ.

ಕೆನಡಾದಲ್ಲಿ ವಿಜ್ಞಾನಿಗಳು ಒಂದು ಪೂರ್ತಿ ಕೆರೆಯನ್ನೇ ಪ್ರಯೋಗಕ್ಕೆ ಬಿಟ್ಟುಕೊಂಡಿದ್ದರು. 2001ರಿಂದ 2003ರವರೆಗೆ ಬೇಸಿಗೆಯಲ್ಲಿ ಗರ್ಭನಿರೋಧಕ ಮಾತ್ರೆಯಲ್ಲಿರುವ ಹಾರ್ಮೋನನ್ನು ಆ ನೀರಿಗೆ ಬೆರೆಸಿದರು. ಲೀಟರಿಗೆ 5ರಿಂದ 6 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿ ಭಾಗದಲ್ಲಿ ಐದಾರು ಭಾಗ. ಗಂಡು ಮೀನುಗಳ ಮೈಯಲ್ಲಿ ಹೆಣ್ಣು ಮೀನಿನಲ್ಲಿ ಇರಬೇಕಾದ, ಮೊಟ್ಟೆಗೆ ಬೇಕಾದ ಪ್ರೋಟೀನ್ ಕಾಣಿಸಿತು. ಅಲ್ಲಿನ ಒಂದು ಜಾತಿಯ ಸಣ್ಣ ಮೀನಿನ ಸಂತತಿ ಹೆಚ್ಚುಕಡಿಮೆ ನೆಲಕಚ್ಚಿತು. ಬೆರೆಸುವುದನ್ನು ನಿಲ್ಲಿಸಿದ ಮೇಲೆ ಕೆಲವು ವರ್ಷಗಳಲ್ಲಿ ಮೀನು ಮತ್ತೆ ಚೇತರಿಸಿಕೊಂಡಿತು ಅನ್ನುವುದನ್ನೂ ಹೇಳಬೇಕು. ಸ್ವೀಡನ್ನಿನಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆತಂಕ ಕಡಿಮೆ ಮಾಡುವ ಔಷಧ ಬೆರೆತ ನೀರಿನಲ್ಲಿದ್ದ ಮೀನುಗಳು ಗುಂಪು ಬಿಟ್ಟು ಧೈರ್ಯವಾಗಿ ಒಂಟಿಯಾಗಿ ಓಡಾಡಲು ಶುರು ಮಾಡಿದವು. ದೊಡ್ಡ ಮೀನಿನ ಬಾಯಿಗೆ ಬೀಳಲು ಇಷ್ಟು ಸಾಕು.

ನಮ್ಮ ಪಕ್ಕದಲ್ಲೇ ಉದಾಹರಣೆಗಳಿವೆ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ನೀರನ್ನು ಶುದ್ಧೀಕರಿಸಿ ಬಿಡುತ್ತಿದ್ದ ಘಟಕದ ಹೊರಹರಿವಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೂ ಸಿಪ್ರೊಫ್ಲಾಕ್ಸಾಸಿನ್ ಇತ್ತು ಅಂತ 2007ರಲ್ಲಿ ವರದಿಯಾಯಿತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಕಾವೇರಿಯಲ್ಲಿ ಐಐಟಿ ಮದ್ರಾಸ್‌ನವರು ನಡೆಸಿದ ಅಧ್ಯಯನದಲ್ಲಿ ಐಬುಪ್ರೊಫೆನ್, ಡೈಕ್ಲೋಫೆನಾಕ್, ಬಿಪಿಯ ಅಟೆನಲಾಲ್, ಕಾರ್ಬಮಜೆಪಿನ್, ಸಿಪ್ರೊಫ್ಲಾಕ್ಸಾಸಿನ್ ಎಲ್ಲ ಸಿಕ್ಕವು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 104 ದೇಶಗಳ 258 ನದಿಗಳನ್ನು ನೋಡಿತ್ತು. ಮಾದರಿ ತೆಗೆದ ಜಾಗಗಳಲ್ಲಿ ಸುಮಾರು ಕಾಲು ಭಾಗದಲ್ಲಿ ಕನಿಷ್ಠ ಒಂದು ಔಷಧವಾದರೂ ಜಲಜೀವಿಗಳಿಗೆ ಸುರಕ್ಷಿತ ಅನ್ನುವ ಮಟ್ಟ ದಾಟಿತ್ತು.

ಇದು ನೀರಿನ ಕಥೆ ಅಲ್ಲ, ಆದರೂ ಹೇಳಿಬಿಡುತ್ತೇನೆ. ಬೆಂಗಳೂರಿಂದ ಮೈಸೂರಿಗೆ ಹೋಗುವಾಗ ರಾಮನಗರದಲ್ಲಿ ಕಾಣುವ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಅಂತ ಘೋಷಿಸಿದರು. ದೇಶದಲ್ಲಿ ರಣಹದ್ದುಗಳು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಸತ್ತದ್ದಕ್ಕೆ ಕಾರಣ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್. ದನ ಸತ್ತ ಮೇಲೆ ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟಿತು. ಪಶುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ನಮ್ಮ ಮೊಣಕಾಲು ನೋವಿನ ಮಾತ್ರೆ, ಜೆಲ್‌ನಲ್ಲಿ ಇರುವುದೂ ಅದೇ ಔಷಧ.

ಡಬ್ಬಿ ಖಾಲಿ ಮಾಡಿ, ಬೇರೆ ಬೇರೆ ಗುಡ್ಡೆ ಹಾಕಿ

ಹಳೇ ಪೇಪರ್ ಹಾಸಿ ಡಬ್ಬಿಯನ್ನು ಸುರಿಯಿರಿ. ಕನ್ನಡಕ ಪಕ್ಕದಲ್ಲಿ ಇಟ್ಟುಕೊಳ್ಳಿ, ಸ್ಟ್ರಿಪ್ ಮೇಲಿನ ಅಕ್ಷರ ಅಷ್ಟು ಸಣ್ಣ. ಎಕ್ಸ್‌ಪೈರಿ ಅಂತ ತಿಂಗಳು-ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೇ ದಿನದವರೆಗೆ ಅಂತ ಅರ್ಥ. ಹೆಸರು, ದಿನಾಂಕ ಎರಡೂ ಕತ್ತರಿಸಿ ಹೋಗಿದ್ದರೆ ಊಹೆ ಮಾಡಬೇಡಿ, ಅದು ಬಿಸಾಡುವ ಗುಡ್ಡೆಗೆ.

ದಿನಾಂಕ ಮುಗಿಯದಿದ್ದರೂ ಕೆಲವನ್ನು ಬಿಸಾಡಬೇಕು. ಕಣ್ಣಿನ ಡ್ರಾಪ್ಸ್ ಸೀಲ್ ಒಡೆದು ಸಾಮಾನ್ಯವಾಗಿ ನಾಲ್ಕು ವಾರ ಆದರೆ ಮುಗಿಯಿತು. ಮಕ್ಕಳಿಗೆ ಕೊಡುವ, ಪುಡಿಗೆ ನೀರು ಬೆರೆಸಿ ತಯಾರಿಸುವ ಆಂಟಿಬಯಾಟಿಕ್ ಸಿರಪ್ ಹೆಚ್ಚಾಗಿ ಒಂದು ವಾರ ಮಾತ್ರ. ಐದು ದಿನ ಕೊಟ್ಟು ಮಗುವಿಗೆ ವಾಸಿಯಾದ ಮೇಲೆ ಫ್ರಿಜ್ ಬಾಗಿಲಲ್ಲಿ ಅರ್ಧ ಬಾಟಲಿ ಉಳಿಯುತ್ತದಲ್ಲ, ಸಿಂಕಿಗೆ ಹೋಗುವ ಔಷಧಗಳಲ್ಲಿ ಇದೇ ಜಾಸ್ತಿ ಇರಬೇಕು ಅಂತ ನನ್ನ ಅಂದಾಜು. ಗುಲಾಬಿ ಬಣ್ಣ, ಹಣ್ಣಿನ ವಾಸನೆ. ಔಷಧ ಸುರಿಯುತ್ತಿದ್ದೇವೆ ಅಂತ ಅನ್ನಿಸುವುದೇ ಇಲ್ಲ.

ಒಟ್ಟು ನಾಲ್ಕು ಗುಡ್ಡೆ ಇರಲಿ: ಈಗ ಬಳಸುತ್ತಿರುವವು; ಪೂರ್ತಿ ಸ್ಟ್ರಿಪ್ ಇದ್ದು ಇನ್ನೂ ಸಾಕಷ್ಟು ತಿಂಗಳು ಬಾಕಿ ಇರುವವು; ಬಿಸಾಡುವವು; ಸೂಜಿ, ಇನ್ಹೇಲರ್, ಚರ್ಮಕ್ಕೆ ಅಂಟಿಸುವ ಔಷಧಿ ಪ್ಯಾಚ್‌ನಂಥ ವಿಶೇಷದವು.

ಪೂರ್ತಿ ಸ್ಟ್ರಿಪ್‌ಗಳಿದ್ದರೆ ಬಿಲ್ ಹುಡುಕಿ. ಗೊತ್ತಿರುವ ಮೆಡಿಕಲ್ ಶಾಪಿನವರು ಕೆಲವು ದಿನಗಳೊಳಗೆ ತಂದರೆ ವಾಪಸ್ ತೆಗೆದುಕೊಳ್ಳುವುದುಂಟು. ಕತ್ತರಿಸಿದ ಸ್ಟ್ರಿಪ್ ಅವರೂ ತೆಗೆದುಕೊಳ್ಳುವುದಿಲ್ಲ, ಫ್ರಿಜ್‌ನಲ್ಲಿ ಇಡಬೇಕಾದ ಇನ್ಸುಲಿನ್ ಅಂತೂ ಖಂಡಿತ ಇಲ್ಲ. ಅದು ಸರಿಯೂ ಹೌದು. ಮನೆಯ ಹಿರಿಯರು ತೀರಿಕೊಂಡ ಮೇಲೆ ತಿಂಗಳುಗಟ್ಟಲೆಗೆ ಆಗುವಷ್ಟು ಬಿಪಿ, ಶುಗರ್ ಮಾತ್ರೆ ಉಳಿದಿದ್ದರೆ ಹತ್ತಿರದ ಧರ್ಮಾರ್ಥ ಆಸ್ಪತ್ರೆ ಅಥವಾ ಉಚಿತ ಕ್ಲಿನಿಕ್‌ನಲ್ಲಿ ಕೇಳಿ ನೋಡಿ. ಸೀಲ್ ಒಡೆಯದ, ದಿನಾಂಕ ದೂರ ಇರುವುದನ್ನು ಕೆಲವರು ಪಡೆಯುತ್ತಾರೆ. ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಮನೆ ಕೆಲಸದವರಿಗೆ "ಜ್ವರಕ್ಕೆ ಇಟ್ಕೊಳ್ಳಮ್ಮ" ಅಂತ ಕೊಡುವ ಅಭ್ಯಾಸ ಮಾತ್ರ ಬಿಡಿ.

ಬಿಸಾಡುವುದನ್ನು ಕಟ್ಟುವ ಕ್ರಮ

2016ರ ಘನತ್ಯಾಜ್ಯ ನಿಯಮದಲ್ಲೇ ಅವಧಿ ಮುಗಿದ ಔಷಧಿ, ಬಳಸಿದ ಸೂಜಿ, ಪಾದರಸದ ಥರ್ಮಾಮೀಟರ್ ಎಲ್ಲವನ್ನೂ ಮನೆಯ ಅಪಾಯಕಾರಿ ಕಸ ಅಂತ ಬೇರೆ ಮಾಡಿದ್ದರು. 2026ರ ಏಪ್ರಿಲ್ 1ರಿಂದ ಅನ್ವಯಿಸುವ ಹೊಸ ನಿಯಮದಲ್ಲಿ ಕಸವನ್ನು ನಾಲ್ಕಾಗಿ ವಿಂಗಡಿಸಬೇಕು: ಹಸಿ, ಒಣ, ಸ್ಯಾನಿಟರಿ, ಮತ್ತು ವಿಶೇಷ ಕಾಳಜಿ ಬೇಕಾದ ಕಸ. ಔಷಧಿ ಬರುವುದು ಈ ನಾಲ್ಕನೆಯದರಲ್ಲಿ. ಅದನ್ನು ನಿಗದಿತ ಸಂಗ್ರಹ ಕೇಂದ್ರಕ್ಕೆ ಕೊಡಬೇಕು ಅನ್ನುವುದು ನಿಯಮ. ನಿಮ್ಮ ವಾರ್ಡಿನಲ್ಲಿ ಅಂಥ ಕೇಂದ್ರ ಎಲ್ಲಿದೆ ಅಂತ ಕಸದ ಆಟೋ ಜೊತೆ ಬರುವ ಮೇಲ್ವಿಚಾರಕರನ್ನು ಕೇಳಿ, ಅಥವಾ 1533ಕ್ಕೆ ಫೋನ್ ಮಾಡಿ. ಕೇಂದ್ರ ಇದೆ ಅಂದರೆ ಮಾತ್ರೆಗಳನ್ನು ಸ್ಟ್ರಿಪ್ಪಿನಲ್ಲೇ, ಹೆಸರು ಕಾಣುವಂತೆ ಬಿಡಿ. ರಟ್ಟಿನ ಡಬ್ಬಿ, ಒಳಗಿನ ಚೀಟಿ ಮಾತ್ರ ತೆಗೆದು ಒಣ ಕಸಕ್ಕೆ ಹಾಕಿ. ಕೊಡುವುದು ಅಷ್ಟೇ.

ಕೇಂದ್ರ ಇಲ್ಲ, ದೂರ, ಅಥವಾ ಯಾರಿಗೂ ಗೊತ್ತಿಲ್ಲ ಅಂದರೆ ಎರಡನೇ ದಾರಿ. ಒಂದು ಹಳೇ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ, ತಿರುಪಿನ ಮುಚ್ಚಳ ಇರಬೇಕು. ಮಾತ್ರೆಗಳನ್ನು ಸ್ಟ್ರಿಪ್ಪಿಂದ ಬಿಡಿಸಿ ಅದಕ್ಕೆ ಹಾಕಿ. ಪುಡಿ ಮಾಡಬೇಡಿ. ಹಾರ್ಮೋನ್, ಕ್ಯಾನ್ಸರ್ ಮಾತ್ರೆಗಳ ಪುಡಿ ಕೈಗೆ, ಮೂಗಿಗೆ ತಾಗಬಾರದು. ಮೇಲೆ ಬೆಳಗಿನ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಹಾಕಿ. ಒದ್ದೆ ಚರಟ ಮಾತ್ರೆಗೆ ಮೆತ್ತಿಕೊಂಡು ಬಣ್ಣ ಬಿಡುತ್ತದೆ, ಸ್ವಲ್ಪ ಹೊತ್ತಿಗೆ ಯಾವುದು ಯಾವುದು ಅಂತ ಗುರುತೇ ಸಿಗುವುದಿಲ್ಲ. ಆಯ್ದುಕೊಂಡು ಯಾರೂ ತಿನ್ನಬಾರದು, ಮಾರಬಾರದು, ಅದಕ್ಕೇ ಇದು. ಕಾಫಿ ಕುಡಿಯದವರು ಮಣ್ಣು ಹಾಕಿದರೂ ಆಗುತ್ತದೆ. ಸಿರಪ್ ಆದರೆ ಅದರ ಬಾಟಲಿಗೇ ಚರಟವೋ ಮರದ ಹೊಟ್ಟೋ ತುಂಬಿ ದ್ರವ ಹೀರಿಕೊಳ್ಳುವ ಹಾಗೆ ಮಾಡಿ ಮುಚ್ಚಳ ಬಿಗಿ ಮಾಡಿ. ಬಾಟಲಿ ತೊಳೆದು ಕೊಡುವುದು ಬೇಡ. ಉಳಿದ ವಿಷಯದಲ್ಲಿ ತೊಳೆದು ಕೊಡುವುದು ಒಳ್ಳೆಯ ಅಭ್ಯಾಸ, ಆದರೆ ಔಷಧಿ ಬಾಟಲಿ ತೊಳೆದ ನೀರು ಮತ್ತೆ ಮೋರಿಗೇ ಹೋಗುತ್ತದೆ.

ಮುಚ್ಚಳಕ್ಕೆ ಟೇಪ್ ಸುತ್ತಿ. ಪೇಪರಿನಲ್ಲಿ ಕಟ್ಟಿ, ಸ್ಯಾನಿಟರಿ ಪ್ಯಾಡಿಗೆ ಮಾಡುವ ಹಾಗೆ ಕೆಂಪು ಪೆನ್ನಿನಲ್ಲಿ ದೊಡ್ಡ ಗುರುತು ಹಾಕಿ. ಪೌರಕಾರ್ಮಿಕರ ಕೈಗೆ ಕೊಡುವಾಗ "ಇದರಲ್ಲಿ ಹಳೇ ಔಷಧಿ ಇದೆ" ಅಂತ ಬಾಯಿಬಿಟ್ಟು ಹೇಳಿ. ಖಾಲಿ ಸ್ಟ್ರಿಪ್‌ಗಳು ಒಣ ಕಸಕ್ಕೆ. ಔಷಧಿಯನ್ನು ಹಸಿ ಕಸಕ್ಕೆ ಮಾತ್ರ ಹಾಕಲೇಬೇಡಿ. ಅದು ಕಾಂಪೋಸ್ಟ್ ಆಗಿ ಯಾರದೋ ಸೊಪ್ಪಿನ ಮಡಿಗೆ ಹೋಗುತ್ತದೆ. ಸುಡುವುದೂ ಬೇಡ, ಸ್ಟ್ರಿಪ್ಪಿನ ಪಿವಿಸಿ ಸುಟ್ಟರೆ ಬರುವ ಹೊಗೆ ಕೆಟ್ಟದ್ದು. ಔಷಧಿ ಸುಡುವ ಘಟಕಗಳಲ್ಲಿ ಎರಡನೇ ಕೊಠಡಿಯ ಬಿಸಿಯೇ ಸುಮಾರು 1050 ಡಿಗ್ರಿ ಇರಬೇಕು. ಖಾಲಿ ಸೈಟಿನ ಬೆಂಕಿಗೆ ಆ ತಾಕತ್ತಿಲ್ಲ.

ಈ ಎರಡನೇ ದಾರಿ ಸಂಪೂರ್ಣ ಸರಿಯಾದದ್ದಲ್ಲ. ಮಾವಳ್ಳಿಪುರದ ಕಸದ ಗುಡ್ಡೆಯಿಂದ ಸೋರಿದ ನೀರು ಸುತ್ತಲ ಹಳ್ಳಿಗಳಿಗೆ ಏನು ಮಾಡಿತು ಅಂತ ಈ ಊರಿನವರಿಗೆ ಗೊತ್ತು. ಆದರೂ ಸಿಂಕಿಗೆ ಸುರಿಯುವುದಕ್ಕಿಂತ ಸಾವಿರ ಪಾಲು ವಾಸಿ.

ಎಲ್ಲದಕ್ಕೂ ಒಂದೇ ನಿಯಮ ಇಲ್ಲ

ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕುತ್ತಾ ಬನ್ನಿ. ಮುಕ್ಕಾಲು ತುಂಬಿದಾಗ ಮುಚ್ಚಿ ಟೇಪ್ ಸುತ್ತಿ ಬೇರೆಯಾಗಿ ಕೊಡಿ. ಕವರಿನಲ್ಲಿ ಹಾಗೇ ಹಾಕಿದ ಸೂಜಿ ಚುಚ್ಚುವುದು ಕಸ ಎತ್ತುವವರ ಕೈಗೆ.

ಇನ್ಹೇಲರ್ ಖಾಲಿ ಅನ್ನಿಸಿದರೂ ಒಳಗೆ ಒತ್ತಡ ಇರುತ್ತದೆ. ಚುಚ್ಚಬೇಡಿ, ಬೆಂಕಿಗೆ ಹಾಕಬೇಡಿ.

ಕ್ಯಾನ್ಸರ್ ಮಾತ್ರೆಗಳು, ಮಾರ್ಫಿನ್, ಫೆಂಟನಿಲ್ ಪ್ಯಾಚ್ ಮನೆಯಲ್ಲಿ ಉಳಿದಿದ್ದರೆ ಅವನ್ನು ಕೊಟ್ಟ ಆಸ್ಪತ್ರೆಗೆ ಅಥವಾ ನೋವು ಕಡಿಮೆ ಮಾಡುವ ಆರೈಕೆ ಕೊಡುವ ಪ್ಯಾಲಿಯೇಟಿವ್ ಕೇಂದ್ರಕ್ಕೆ ಫೋನ್ ಮಾಡಿ, ವಾಪಸ್ ಕೊಡಿ. ಬಳಸಿದ ಪ್ಯಾಚ್‌ನಲ್ಲೂ ಔಷಧ ಉಳಿದಿರುತ್ತದೆ. ಅಂಟಿನ ಭಾಗ ಒಳಗೆ ಬರುವಂತೆ ಮಡಚಿಡಿ. ಇಲ್ಲಿ ಒಂದು ವಿಚಿತ್ರ ಇದೆ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮಾರ್ಫಿನ್, ಫೆಂಟನಿಲ್‌ನಂಥ 17 ಔಷಧಗಳನ್ನು (ಕ್ಯಾನ್ಸರ್ ಮಾತ್ರೆಗಳನ್ನಲ್ಲ), ಟ್ರಮಡಾಲ್, ಡಯಜೆಪಾಮ್ ಕೂಡ ಸೇರಿ, ವಾಪಸ್ ಕೊಡಲು ದಾರಿಯೇ ಇಲ್ಲದಿದ್ದರೆ ಫ್ಲಶ್ ಮಾಡಿ ಅಂತ ಹೇಳಿದ್ದಾರೆ. ಮಗುವೊಂದು ತಪ್ಪಿ ಒಂದೇ ಒಂದು ಡೋಸ್ ನುಂಗಿದರೂ ಪ್ರಾಣಕ್ಕೆ ಅಪಾಯ ಇರುವುದರಿಂದ ಆ ಲೆಕ್ಕಾಚಾರ. ಪಟ್ಟಿಯಲ್ಲಿ ಇಲ್ಲದ ಔಷಧಿಗೆ ಆ ವಿನಾಯಿತಿ ಇಲ್ಲ, ಇದನ್ನು ನೆಪ ಮಾಡಿಕೊಂಡು ಉಳಿದದ್ದನ್ನೂ ಫ್ಲಶ್ ಮಾಡಬೇಡಿ.

ನೋವಿನ ಜೆಲ್: ಮೊದಲು ಒರೆಸಿ, ಆಮೇಲೆ ತೊಳೆಯಿರಿ

ಇದು ತುಂಬ ಸುಲಭ, ಆದರೆ ಯಾರೂ ಹೇಳಿಕೊಡುವುದಿಲ್ಲ. ವೋಲಿನಿ ತರಹದ ಡೈಕ್ಲೋಫೆನಾಕ್ ಜೆಲ್ ಹಚ್ಚಿದಾಗ ಚರ್ಮದ ಮೂಲಕ ಒಳಗೆ ಹೋಗುವುದು ನೂರಕ್ಕೆ ಹತ್ತು ಭಾಗಕ್ಕಿಂತ ಕಡಿಮೆ. ಉಳಿದದ್ದು ಚರ್ಮದ ಮೇಲೆ, ಬೆರಳಲ್ಲಿ, ಪಂಚೆಯಲ್ಲಿ, ನೈಟಿಯಲ್ಲಿ. ಕೈ ತೊಳೆದಾಗ, ಸ್ನಾನ ಮಾಡಿದಾಗ, ಬಟ್ಟೆ ಒಗೆದಾಗ ಅಷ್ಟೂ ಮೋರಿಗೆ. ನುಂಗಿದ ಮಾತ್ರೆಯನ್ನು ದೇಹವಾದರೂ ಒಂದಿಷ್ಟು ಒಡೆಯುತ್ತದೆ, ಇದು ಹಾಗೇ ಹೋಗುತ್ತದೆ. ಡೈಕ್ಲೋಫೆನಾಕ್ ಇರುವ ನೀರಿನಲ್ಲಿ ಇಟ್ಟ ಟ್ರೌಟ್ ಮೀನುಗಳ ಕಿವಿರು, ಮೂತ್ರಪಿಂಡ ಹಾಳಾದದ್ದು 2004ರಲ್ಲೇ ವರದಿಯಾಗಿದೆ.

ಮಾಡಬೇಕಾದದ್ದು ಇಷ್ಟೇ. ಹೇಳಿದಷ್ಟೇ ಜೆಲ್ ತೆಗೆದುಕೊಳ್ಳಿ, ಅಂಗೈ ತುಂಬ ಹಿಂಡಬೇಡಿ. ಹಚ್ಚಿದ ಮೇಲೆ ಬೆರಳನ್ನು ಟಿಶ್ಯೂ ಅಥವಾ ಪೇಪರ್ ಚೂರಿನಿಂದ ಒರೆಸಿ ಆ ಪೇಪರನ್ನು ಸ್ಯಾನಿಟರಿ ಕಸಕ್ಕೆ ಹಾಕಿ, ಆಮೇಲೆ ಕೈ ತೊಳೆಯಿರಿ. ಕನಿಷ್ಠ ಒಂದು ಗಂಟೆ ಸ್ನಾನ ಬೇಡ. ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ ಮಾಡುವವರು ನೀರು ಹಾಕಿಕೊಳ್ಳುವ ಮೊದಲು ಆ ಜಾಗವನ್ನು ಒಂದು ಸಲ ಒರೆಸಿಕೊಳ್ಳಿ. ಮನೆಯಲ್ಲಿ ಅಜ್ಜಿ-ತಾತ ಇದ್ದರೆ, ಅವರಿಗೆ ಜೆಲ್ ಹಚ್ಚುವವರು ಇದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಅಂಗಡಿಯಲ್ಲಿ ನಿಂತಾಗ

ಡಾಕ್ಟರ್ ಐದು ದಿನಕ್ಕೆ ಹತ್ತು ಮಾತ್ರೆ ಬರೆದರೆ ಹತ್ತೇ ಕೊಡಿ ಅನ್ನಿ. "ಸ್ಟ್ರಿಪ್ ಪೂರ್ತಿ ತಗೊಳ್ಳಿ ಸಾರ್, ಕಟ್ ಮಾಡಲ್ಲ" ಅನ್ನುವ ಅಂಗಡಿ ಇದ್ದರೆ ಪಕ್ಕದ ಅಂಗಡಿ ನೋಡಿ. ನಮ್ಮ ಊರಿನಲ್ಲಿ ಮೆಡಿಕಲ್ ಶಾಪಿಗೆ ಬರ ಇಲ್ಲ. ಕತ್ತರಿಸುವಾಗ ದಿನಾಂಕ ಇರುವ ತುದಿಯನ್ನು ಕೇಳಿ, ಸಿಗದಿದ್ದರೆ ಸ್ಟ್ರಿಪ್ಪನ್ನು ಬಿಲ್ಲಿನ ಜೊತೆ ಪಿನ್ ಮಾಡಿಡಿ. ಹೊಸ ಬಿಪಿ ಮಾತ್ರೆ ಶುರು ಮಾಡಿದಾಗ ಮೊದಲು ಹದಿನೈದು ದಿನಕ್ಕೆ ಮಾತ್ರ ತನ್ನಿ. ಮೈಗೆ ಒಗ್ಗದೆ ಡಾಕ್ಟರ್ ಬದಲಿಸುವುದು ಸಾಮಾನ್ಯ, ಆಗ ಉಳಿಯುವುದು ಮೂರು ತಿಂಗಳ ದಾಸ್ತಾನು. ಆನ್‌ಲೈನ್ ಆ್ಯಪ್‌ಗಳು ಆಫರ್ ತೋರಿಸಿ ಜಾಸ್ತಿ ಕೊಳ್ಳುವಂತೆ ಮಾಡುತ್ತವೆ. ಔಷಧಿಗೆ ಆಫರ್ ನೋಡುವುದು ಅಕ್ಕಿಗೆ ನೋಡಿದಷ್ಟು ಸರಿ ಅಲ್ಲ.

ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ಡಾಕ್ಟರ್ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು. ಆಂಟಿಬಯಾಟಿಕ್‌ಗಳಲ್ಲಿ ಇದನ್ನು ನೋಡಬಹುದು. ನೆಗಡಿ, ಸಾಮಾನ್ಯ ಗಂಟಲು ಕೆರೆತ ಹೆಚ್ಚಾಗಿ ವೈರಸ್‌ನಿಂದ ಬರುವುದು, ಅದಕ್ಕೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ನಾವೇ ಕೇಳಿ ತಂದು ನುಂಗಿದ ಮಾತ್ರೆಯ ಒಂದು ಪಾಲು ಮೂತ್ರದಲ್ಲಿ ಹೋಗಿ ಮೋರಿಯ ಬ್ಯಾಕ್ಟೀರಿಯಾಗಳಿಗೆ ಸಿಗುತ್ತದೆ. ಸ್ವಲ್ಪ ಸ್ವಲ್ಪ ಔಷಧ ದಿನಾ ಸಿಕ್ಕರೆ ಅವು ಅದಕ್ಕೆ ಬಗ್ಗದ ಹಾಗಾಗುತ್ತವೆ. ಬ್ಯಾಕ್ಟೀರಿಯಾಗಳನ್ನು ಅನೇಕ ಆಂಟಿಬಯಾಟಿಕ್‌ಗಳಿಗೆ ಜಗ್ಗದ ಹಾಗೆ ಮಾಡುವ ಎನ್‌ಡಿಎಂ-1 ಅನ್ನುವ ಜೀನ್ ದೆಹಲಿಯ ನಲ್ಲಿ ನೀರಿನಲ್ಲೂ ನಿಂತ ನೀರಿನಲ್ಲೂ ಸಿಕ್ಕಿದ್ದು 2011ರಲ್ಲಿ. ನೀರಿನಲ್ಲಿ ಔಷಧ ಬೆರೆಯುವುದರಿಂದ ಮನುಷ್ಯರಿಗೆ ನೇರ ತೊಂದರೆ ಆಗುವುದಿದ್ದರೆ ಅದು ಈ ದಾರಿಯಲ್ಲೇ ಅಂತ ನಾನು ನಂಬುತ್ತೇನೆ.

ಡಾಕ್ಟರ್ ಹೇಳಿದ ಕೋರ್ಸನ್ನು ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಉಳಿಸಿ ಮುಂದಿನ ಸಲಕ್ಕೆ ಇಟ್ಟುಕೊಳ್ಳಬೇಡಿ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಇನ್ನೂ ಎರಡು ಕೆಲಸ ಮಾಡಬಹುದು

ಒಂದು, ಎಸ್‌ಟಿಪಿ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಸ್ವಂತ ಎಸ್‌ಟಿಪಿ ಇದೆ, ಅದರ ನೀರೇ ಫ್ಲಶ್‌ಗೆ, ಗಿಡಕ್ಕೆ ಬರುತ್ತದೆ. ಹೆಚ್ಚಿನ ಕಡೆ ಕೊನೆಯಲ್ಲಿ ಮರಳಿನ ಫಿಲ್ಟರ್, ಆಮೇಲೆ ಇದ್ದಿಲಿನ ಫಿಲ್ಟರ್ ಅಂತ ಎರಡು ಸಿಲಿಂಡರ್ ಇರುತ್ತವೆ. ಆ ಇದ್ದಿಲು ಔಷಧದ ಅಂಶಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆದರೆ ತುಂಬಿಹೋದ ಮೇಲೆ ಇದ್ದೂ ಇಲ್ಲದ ಹಾಗೆ. ಮುಂದಿನ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಎಸ್‌ಟಿಪಿ ಆಪರೇಟರನ್ನು ಒಂದೇ ಪ್ರಶ್ನೆ ಕೇಳಿ: ಇದ್ದಿಲು ಕೊನೇ ಸಲ ಬದಲಿಸಿದ್ದು ಯಾವಾಗ? ಉತ್ತರಕ್ಕೆ ಅವರು ತಡಕಾಡಿದರೆ ವಿಷಯ ಅರ್ಥವಾಗುತ್ತದೆ. ಫಿನಾಯಿಲ್, ಆಸಿಡ್ ಲೆಕ್ಕವಿಲ್ಲದೆ ಸುರಿಯುವುದನ್ನು ಕಡಿಮೆ ಮಾಡಿ ಅಂತಲೂ ನೋಟಿಸ್ ಹಾಕಿಸಿ. ಔಷಧ ಒಡೆಯುವ ಕೆಲಸ ಮಾಡುವ ಬ್ಯಾಕ್ಟೀರಿಯಾಗಳೇ ಅದರಿಂದ ಸಾಯುತ್ತವೆ. ಸ್ವಿಟ್ಜರ್ಲೆಂಡ್ 2016ರ ಕಾನೂನಿನಿಂದ ನೂರಕ್ಕೂ ಹೆಚ್ಚು ಊರಿನ ಎಸ್‌ಟಿಪಿಗಳಿಗೆ ಇದ್ದಿಲು ಅಥವಾ ಓಝೋನ್ ಹಂತ ಸೇರಿಸಲು ಹೊರಟಿತು. ಯುರೋಪ್ ಒಕ್ಕೂಟ 2024ರಲ್ಲಿ ಇನ್ನೂ ಮುಂದೆ ಹೋಗಿ, ಆ ಹಂತದ ಖರ್ಚಿನಲ್ಲಿ ನೂರಕ್ಕೆ ಕನಿಷ್ಠ 80 ಭಾಗವನ್ನು ಔಷಧ ಮತ್ತು ಕಾಸ್ಮೆಟಿಕ್ ಕಂಪನಿಗಳೇ ಕೊಡಬೇಕು ಅಂತ ನಿಯಮ ಮಾಡಿತು. ನಮ್ಮಲ್ಲಿ ಬೆಂಗಳೂರು ಜಲಮಂಡಳಿ ಅದನ್ನು ಮಾಡುವವರೆಗೆ ಕಾಯಬೇಕಿಲ್ಲ, ಇರುವ ಸಿಲಿಂಡರಿನಲ್ಲಿ ಇದ್ದಿಲು ಬದಲಿಸಿದರೂ ಒಂದು ಹೆಜ್ಜೆ.

ಎರಡು, ಸಂಗ್ರಹದ ಪೆಟ್ಟಿಗೆ. ಸೆಕ್ಯೂರಿಟಿ ಕೂರುವ ಜಾಗದಲ್ಲಿ ಬೀಗ ಹಾಕಿದ, ಕೈ ಒಳಗೆ ಹೋಗದಷ್ಟು ಸಣ್ಣ ಕಿಂಡಿಯ ಪೆಟ್ಟಿಗೆ ಇಡಿ. ಸೂಜಿಗೆ ಬೇರೆ ಡಬ್ಬಿ. ಇಡುವ ಮೊದಲು ನಿಮ್ಮ ಕಸದ ಗುತ್ತಿಗೆದಾರರಿಂದ ಬರಹದಲ್ಲಿ ಪಡೆಯಿರಿ: ಔಷಧಿಯನ್ನು ಯಾವ ಅಧಿಕೃತ ಘಟಕಕ್ಕೆ ಕೊಡುತ್ತಾರೆ, ರಸೀದಿ ಕೊಡುತ್ತಾರಾ. ಇದಿಲ್ಲದೆ ಪೆಟ್ಟಿಗೆ ಇಟ್ಟರೆ ಮೂಟೆ ಔಷಧಿ ಒಂದೇ ಕಡೆ ಸೇರಿಸಿ ಅದೇ ಕಸದ ಲಾರಿಗೆ ಹಾಕಿದಂತಾಗುತ್ತದೆ, ಅದು ಇನ್ನೂ ಅಪಾಯ. ವರ್ಷಪೂರ್ತಿ ಇಡುವುದಕ್ಕಿಂತ ಯುಗಾದಿಗೆ ಮುಂಚೆ ಒಂದು ವಾರ, ಆಯುಧ ಪೂಜೆಗೆ ಮುಂಚೆ ಒಂದು ವಾರ ಇಡಿ. ಹೇಗೂ ಮನೆ ಧೂಳು ಹೊಡೆಯುವ ಸಮಯ, ಜನ ಡಬ್ಬಿ ತೆಗೆಯುತ್ತಾರೆ. ಕೇರಳ ಸರ್ಕಾರ 2025ರಲ್ಲಿ ಕೋಳಿಕ್ಕೋಡಿನಿಂದ ಎನ್‌ಪ್ರೌಡ್ ಅನ್ನುವ ಹೆಸರಲ್ಲಿ ಮನೆಗಳಿಂದ ಹಳೇ ಔಷಧಿ ಸಂಗ್ರಹಿಸುವ ಯೋಜನೆ ಶುರು ಮಾಡಿದೆ. ನಿಮ್ಮ ಶಾಸಕರ ಹತ್ತಿರ, ಪಾಲಿಕೆ ಅಧಿಕಾರಿಗಳ ಹತ್ತಿರ ಮಾತಾಡುವಾಗ ಆ ಹೆಸರು ಹೇಳಿ. "ಪಕ್ಕದ ರಾಜ್ಯದಲ್ಲಿ ಮಾಡಿದ್ದಾರೆ" ಅನ್ನುವ ಮಾತಿಗೆ ಇಲ್ಲಿ ಬೆಲೆ ಜಾಸ್ತಿ.

ಕಾಲುವೆಯಲ್ಲಿ ಅನುಮಾನದ ನೀರು ಕಂಡರೆ

ರಾಜಕಾಲುವೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬಣ್ಣದ ನೀರು, ಘಾಟು ವಾಸನೆ, ಇದ್ದಕ್ಕಿದ್ದಂತೆ ಮೀನು ಸತ್ತು ತೇಲುವುದು ಕಂಡರೆ ಕಾರ್ಖಾನೆಯ ನೀರಿರಬಹುದು. ಟ್ಯಾಂಕರಿನಲ್ಲಿ ತಂದು ರಾತ್ರಿ ಬಿಡುವವರೂ ಇದ್ದಾರೆ. ಹತ್ತಿರ ಹೋಗಿ ಮುಟ್ಟಬೇಡಿ, ಬಾಟಲಿಯಲ್ಲಿ ತುಂಬಿಕೊಳ್ಳುವ ಸಾಹಸವೂ ಬೇಡ. ನೀವು ತುಂಬಿದ ಮಾದರಿ ಕಾನೂನಿನ ಮುಂದೆ ನಿಲ್ಲುವುದಿಲ್ಲ, ಅದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯವರೇ ತೆಗೆಯಬೇಕು. ಸಮಯ ಮತ್ತು ಜಾಗ ಕಾಣುವ ಹಾಗೆ ಫೋಟೋ, ಟ್ಯಾಂಕರ್ ಇದ್ದರೆ ಅದರ ನಂಬರ್, ಹತ್ತಿರದ ಸೇತುವೆಯೋ ದೇವಸ್ಥಾನವೋ ಯಾವುದಾದರೂ ಗುರುತು ಬರೆದುಕೊಳ್ಳಿ. ಕಾರ್ಖಾನೆ ಅನುಮಾನ ಇದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು, ಅವರ ಮುಖ್ಯ ಕಚೇರಿ ಚರ್ಚ್ ಸ್ಟ್ರೀಟ್‌ನ ಪರಿಸರ ಭವನದಲ್ಲಿದೆ. ಒಳಚರಂಡಿ ಒಡೆದು ಕಾಲುವೆಗೆ ಸೇರುತ್ತಿದ್ದರೆ ಜಲಮಂಡಳಿಯ 1916. ಫೋನ್ ಮಾಡಿದರೆ ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರನ್ನು ಬರಹದಲ್ಲಿ ಕೊಟ್ಟು, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡು ಬನ್ನಿ. ಒಂದು ತಿಂಗಳಾದರೂ ಸುದ್ದಿ ಬರದಿದ್ದರೆ ಆ ಸೀಲ್ ಇರುವ ಪ್ರತಿಯನ್ನು ಜೊತೆಗಿಟ್ಟು, ಮಾದರಿ ತೆಗೆದಿರಾ, ವರದಿ ಏನು ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.